ಮಾಡ್ ಹಾಕಿದ ಸ್ಕೈರಿಮ್ ಕ್ರ್ಯಾಶ್ ಆಗದಂತೆ, ತಡವರಿಸದಂತೆ ನೋಡಿಕೊಳ್ಳುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಸ್ಕೈರಿಮ್ ಎಂಬ ಕಂಪ್ಯೂಟರ್ ಆಟಕ್ಕೆ ನೂರಿನ್ನೂರು ಮಾಡ್‌ಗಳನ್ನು, ಅಂದರೆ ಆಟವನ್ನು ಬದಲಿಸುವ ಸೇರ್ಪಡೆಗಳನ್ನು, ಹಾಕಿದ ಮೇಲೆ ಮೆನು ಕಾಣಿಸುವ ಮೊದಲೇ ಆಟ ಮುಚ್ಚಿಹೋಗುತ್ತದೆ, ಇಲ್ಲವೇ ವೈಟ್‌ರನ್ ಪಟ್ಟಣದ ಹೊರಬಯಲಿಗೆ ಬಂದೊಡನೆ ತಡವರಿಸತೊಡಗುತ್ತದೆ. ಏನು ಮಾಡಬೇಕು ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಯಾಗಿ ಉತ್ತರಿಸುವ ಬದಲು ಇಡೀ ಕ್ರಮವನ್ನು ಒಂದೇ ಕಡೆ ಬರೆದಿಡುವುದು ಒಳ್ಳೆಯದೆನಿಸಿದ್ದರಿಂದ ಈ ಲೇಖನ.

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಆಟ ಕ್ರ್ಯಾಶ್ ಆಗುವುದು, ಅಂದರೆ ತಾನಾಗಿಯೇ ಮುಚ್ಚಿಹೋಗುವುದು, ಒಂದು ತೊಂದರೆ, ಆಟ ನಿಧಾನವಾಗುವುದು ಇನ್ನೊಂದು ತೊಂದರೆ. ಎರಡಕ್ಕೂ ಕಾರಣಗಳು ಬೇರೆ, ಪರಿಹಾರಗಳೂ ಬೇರೆ. ಕ್ರ್ಯಾಶ್ ಆಗುತ್ತಿರುವ ಆಟದಲ್ಲಿ ನೆರಳಿನ ಗುಣಮಟ್ಟವನ್ನು ತಗ್ಗಿಸಿದರೆ ಬಹುಪಾಲು ಏನೂ ಸರಿಹೋಗುವುದಿಲ್ಲ. ಗ್ರಾಫಿಕ್ಸ್ ಕಾರ್ಡ್‌ನ ನೆನಪು (ಮೆಮೊರಿ) ತುಂಬಿಹೋಗಿ ತಡವರಿಸುತ್ತಿರುವ ಆಟದಲ್ಲಿ ಮಾಡ್‌ಗಳ ಸಾಲನ್ನು ಹಿಂದೆಮುಂದೆ ಮಾಡಿದರೂ ಅಷ್ಟೇ. ಆದ್ದರಿಂದ ಮೊದಲು ಸ್ಥಿರತೆ, ಆನಂತರ ವೇಗ. ಕೆಳಗಿನ ಹಂತಗಳಲ್ಲಿ ಮೊದಲ ಆರು ಸ್ಥಿರತೆಗೆ, ಮುಂದಿನ ನಾಲ್ಕು ವೇಗಕ್ಕೆ, ಕೊನೆಯದು ಸೇವ್ ಫೈಲ್‌ಗಳಿಗೆ ಸಂಬಂಧಿಸಿವೆ.

ಇಲ್ಲಿ ಹೇಳುವುದೆಲ್ಲವೂ 2016ರ ಅಕ್ಟೋಬರ್‌ನಲ್ಲಿ ಬಂದ ಸ್ಪೆಷಲ್ ಎಡಿಷನ್‌ಗೆ ಮತ್ತು ಅದರ ಮೇಲೆಯೇ ನಿಂತಿರುವ ಆ್ಯನಿವರ್ಸರಿ ಎಡಿಷನ್‌ಗೆ ಅನ್ವಯಿಸುತ್ತದೆ. 2011ರ ನವೆಂಬರ್‌ನಲ್ಲಿ ಬಂದ ಮೂಲ ಆಟ 32-ಬಿಟ್ ಆಗಿತ್ತು. ಅದು ಬಳಸಬಹುದಾದ ನೆನಪಿಗೆ 4 ಜಿಬಿಯ ಮಿತಿಯಿತ್ತು. ಸ್ಪೆಷಲ್ ಎಡಿಷನ್ 64-ಬಿಟ್ ಆದ್ದರಿಂದ ಆ ಮಿತಿ ಇಲ್ಲವಾಯಿತು. ಅಂತರ್ಜಾಲದಲ್ಲಿ ಇಂದಿಗೂ ಹರಿದಾಡುವ ಎಷ್ಟೋ ಸಲಹೆಗಳು, ಅದರಲ್ಲೂ ನೆನಪಿನ ಪ್ಯಾಚ್‌ಗಳ ಬಗೆಗಿನವು, ಆ ಹಳೆಯ ಆಟಕ್ಕಾಗಿ ಬರೆದವು. ಸಲಹೆ ಯಾವ ಆವೃತ್ತಿಗೆ ಎಂಬುದನ್ನು ನೋಡದೆ ಅನುಸರಿಸಬೇಡಿ.

ಬೇಕಾಗುವ ಸಲಕರಣೆಗಳು ಇವು: ಮಾಡ್‌ಗಳನ್ನು ನಿರ್ವಹಿಸಲು ಮಾಡ್ ಆರ್ಗನೈಸರ್ 2 ಅಥವಾ ವೋರ್ಟೆಕ್ಸ್, ಪ್ಲಗಿನ್‌ಗಳ (ಆಟದ ದಾಖಲೆಗಳನ್ನು ಬದಲಿಸುವ ಮಾಡ್ ಫೈಲ್‌ಗಳ) ಸಾಲನ್ನು ಜೋಡಿಸಲು ಲೂಟ್, ಪ್ಲಗಿನ್‌ಗಳ ಒಳಗನ್ನು ನೋಡಲು ಎಸ್‌ಎಸ್‌ಇಎಡಿಟ್, ಸೆಟ್ಟಿಂಗ್ ಫೈಲ್‌ಗಳನ್ನು ಸುರಕ್ಷಿತವಾಗಿ ತಿದ್ದಲು ಬೆತ್‌ಐಎನ್‌ಐ. ಎಲ್ಲವೂ ಉಚಿತ. ನಾನು ಮಾಡ್ ಆರ್ಗನೈಸರನ್ನೇ ಶಿಫಾರಸು ಮಾಡುತ್ತೇನೆ, ಏಕೆಂದರೆ ಅದು ಆಟದ ಫೋಲ್ಡರನ್ನು ಮುಟ್ಟದೆ ಪ್ರತಿ ಮಾಡನ್ನೂ ತನ್ನದೇ ಫೋಲ್ಡರಿನಲ್ಲಿ ಇಟ್ಟು, ಆಟ ಓಡುವಾಗ ಮಾತ್ರ ಅವೆಲ್ಲ ಒಂದೇ ಕಡೆ ಇರುವಂತೆ ಆಟಕ್ಕೆ ತೋರಿಸುತ್ತದೆ. ಒಂದು ಮಾಡನ್ನು ತೆಗೆದಾಗ ಅದರ ಗುರುತೂ ಆಟದ ಫೋಲ್ಡರಿನಲ್ಲಿ ಉಳಿಯುವುದಿಲ್ಲ.

ಹಂತ 1: ಆಟವನ್ನು ಸರಿಯಾದ ಜಾಗದಲ್ಲಿ ಇಡಿ

ಆಟಗಳನ್ನು ಮಾರುವ ಸ್ಟೀಮ್ ತಾನಾಗಿಯೇ ಆಯ್ದುಕೊಳ್ಳುವ ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನೊಳಗೆ ಫೈಲ್ ಬರೆಯುವುದಕ್ಕೆ ವಿಂಡೋಸ್ ಅನುಮತಿಯ ಅಡ್ಡಿ ಒಡ್ಡುತ್ತದೆ. ಬೇರೊಂದು ಜಾಗದಲ್ಲಿ, ಉದಾಹರಣೆಗೆ ಡಿ ಡ್ರೈವಿನಲ್ಲಿ, ಹೊಸ ಸ್ಟೀಮ್ ಲೈಬ್ರರಿಯನ್ನು ಮಾಡಿಕೊಂಡು ಆಟವನ್ನು ಅಲ್ಲಿಗೆ ಸಾಗಿಸಿ. ಆ ಡ್ರೈವ್ ಎಸ್‌ಎಸ್‌ಡಿ ಆಗಿದ್ದರೆ ಒಳ್ಳೆಯದು. ತೆರೆದ ಬಯಲಿನಲ್ಲಿ ನಡೆಯುವಾಗ ಆಟ ಸದಾ ಹೊಸ ಭಾಗಗಳನ್ನು ಡಿಸ್ಕಿನಿಂದ ಓದುತ್ತಿರುವುದರಿಂದ ಹಳೆಯ ಹಾರ್ಡ್ ಡಿಸ್ಕ್ ಇದ್ದಲ್ಲಿ ಅರೆಕ್ಷಣದ ತಡೆಗಳು ತಪ್ಪುವುದಿಲ್ಲ.

ಮಾಡ್‌ಗಳನ್ನು ಹಾಕುವ ಮೊದಲು ಬರಿಯ ಆಟವನ್ನು ಅದರ ಸ್ವಂತ ಲಾಂಚರಿನಿಂದ ಒಮ್ಮೆ ತೆರೆದು ಮುಚ್ಚಿ. ಆಗ ಡಾಕ್ಯುಮೆಂಟ್ಸ್ ಒಳಗಿನ ಮೈ ಗೇಮ್ಸ್ ಫೋಲ್ಡರಿನಲ್ಲಿ ಸೆಟ್ಟಿಂಗ್ ಫೈಲ್‌ಗಳು ಸೃಷ್ಟಿಯಾಗುತ್ತವೆ. ವಿಂಡೋಸ್ ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರನ್ನು ಒನ್‌ಡ್ರೈವ್‌ಗೆ ಜೋಡಿಸಿದೆಯೇ ಎಂದು ಇದೇ ಸಮಯದಲ್ಲಿ ಪರೀಕ್ಷಿಸಿ, ಜೋಡಿಸಿದ್ದರೆ ಬಿಡಿಸಿ. ಇಲ್ಲವಾದರೆ ಸೇವ್ ಮತ್ತು ಸೆಟ್ಟಿಂಗ್ ಫೈಲ್‌ಗಳು ಆಟದ ನಡುವೆಯೇ ಅಪ್‌ಲೋಡ್ ಆಗುತ್ತಾ ತೊಡಕುಂಟುಮಾಡುತ್ತವೆ.

ಹಂತ 2: ಆಟದ ಆವೃತ್ತಿಯನ್ನು ತಿಳಿದುಕೊಳ್ಳಿ, ಅದು ಬದಲಾಗದಂತೆ ನೋಡಿಕೊಳ್ಳಿ

ನಾನು ನೋಡಿರುವಂತೆ ಮೆನು ಬರುವ ಮೊದಲೇ ಆಗುವ ಕ್ರ್ಯಾಶ್‌ಗಳಲ್ಲಿ ಹೆಚ್ಚಿನವುಗಳ ಮೂಲ ಇಲ್ಲಿದೆ. ಆದ್ದರಿಂದ ಈ ಹಂತವನ್ನು ಅವಸರದಲ್ಲಿ ದಾಟಬೇಡಿ.

ಎಸ್‌ಕೆಎಸ್‌ಇ ಎಂಬುದು ಆಟದ ಎಂಜಿನ್ನಿಗೆ, ಅಂದರೆ ಆಟವನ್ನು ಓಡಿಸುವ ಮೂಲ ತಂತ್ರಾಂಶಕ್ಕೆ, ಹೊಸ ಸಾಮರ್ಥ್ಯಗಳನ್ನು ಕೂಡಿಸುವ ಪೂರಕ ತಂತ್ರಾಂಶ. ದೊಡ್ಡ ಮಾಡ್‌ಗಳಲ್ಲಿ ಬಹಳಷ್ಟಕ್ಕೆ ಇದು ಬೇಕೇ ಬೇಕು. ಇದು ಆಟದ ಒಂದು ನಿರ್ದಿಷ್ಟ ಆವೃತ್ತಿಯೊಂದಿಗೆ ಮಾತ್ರ ಹೊಂದುತ್ತದೆ. ಆಟಗಾರರ ನಡುವೆ ಇಂದು ಮುಖ್ಯವಾಗಿ 1.5.97, 1.6.640 ಮತ್ತು 1.6.1170 ಎಂಬ ಆವೃತ್ತಿಗಳು ಬಳಕೆಯಲ್ಲಿವೆ. ಮೂರಕ್ಕೂ ಎಸ್‌ಕೆಎಸ್‌ಇ ಬೇರೆ ಬೇರೆ. ಸ್ಟೀಮ್ ಬಿಟ್ಟು ಜಿಒಜಿ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ಆಟ ಕೊಂಡವರಿಗೆ ಇನ್ನೊಂದೇ ಪ್ರತಿ ಇದೆ. ಆಟದ ಫೋಲ್ಡರಿನಲ್ಲಿರುವ ಸ್ಕೈರಿಮ್‌ಎಸ್‌ಇ ಎಂಬ ಎಕ್ಸಿ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನ ಡೀಟೇಲ್ಸ್ ಪುಟದಲ್ಲಿ ನಿಮ್ಮ ಆವೃತ್ತಿಯ ಸಂಖ್ಯೆಯನ್ನು ನೋಡಿ, ಒಂದು ಕಡೆ ಬರೆದಿಟ್ಟುಕೊಳ್ಳಿ. ಇನ್ನು ಮುಂದೆ ಪ್ರತಿ ಮಾಡನ್ನು ಡೌನ್‌ಲೋಡ್ ಮಾಡುವಾಗಲೂ ಆ ಸಂಖ್ಯೆ ನಿಮ್ಮ ಕಣ್ಣ ಮುಂದಿರಲಿ.

ಆನಂತರ ಸ್ಟೀಮ್‌ನಲ್ಲಿ ಈ ಆಟದ ಅಪ್‌ಡೇಟ್ ಆಯ್ಕೆಯನ್ನು, ಆಟ ತೆರೆದಾಗ ಮಾತ್ರ ಅಪ್‌ಡೇಟ್ ಮಾಡು ಎಂಬುದಕ್ಕೆ ಬದಲಿಸಿ, ಆಟವನ್ನು ಯಾವಾಗಲೂ ಮಾಡ್ ಆರ್ಗನೈಸರ್ ಮೂಲಕ ಎಸ್‌ಕೆಎಸ್‌ಇ ಲೋಡರಿನಿಂದಲೇ ತೆರೆಯಿರಿ. ಸ್ಟೀಮ್‌ನ ಪ್ಲೇ ಗುಂಡಿಯನ್ನು ಒತ್ತಿದರೆ ಅಪ್‌ಡೇಟ್ ಇಳಿದುಬಂದು, ನಿನ್ನೆ ಸರಿಯಾಗಿ ಓಡುತ್ತಿದ್ದ ಆಟ ಇಂದು ತೆರೆಯದೇ ಹೋಗಬಹುದು.

ಹಂತ 3: ತಳಪಾಯದ ಮಾಡ್‌ಗಳನ್ನು ಮೊದಲು ಹಾಕಿ

ಎಸ್‌ಕೆಎಸ್‌ಇ ಹಾಕಿದ ಮೇಲೆ ಅಡ್ರೆಸ್ ಲೈಬ್ರರಿಯನ್ನು ಹಾಕಿ. ಎಂಜಿನ್ನಿನೊಳಗೆ ಯಾವ ಕೆಲಸ ಯಾವ ವಿಳಾಸದಲ್ಲಿ ನಡೆಯುತ್ತದೆ ಎಂಬ ಪಟ್ಟಿ ಇದು. ಉಳಿದ ಡಿಎಲ್‌ಎಲ್ ಮಾಡ್‌ಗಳು, ಅಂದರೆ ಎಂಜಿನ್ನಿಗೇ ಸೇರಿಕೊಳ್ಳುವ ಕೋಡ್ ಫೈಲ್ ಇರುವವು, ಈ ಪಟ್ಟಿಯನ್ನು ನೋಡಿ ತಮ್ಮ ಜಾಗವನ್ನು ಕಂಡುಕೊಳ್ಳುತ್ತವೆ. 1.5 ಸಾಲಿನ ಆಟಕ್ಕೂ 1.6 ಸಾಲಿನ ಆಟಕ್ಕೂ ಇದರಲ್ಲಿ ಪ್ರತ್ಯೇಕ ಡೌನ್‌ಲೋಡ್‌ಗಳಿವೆ, ಮತ್ತು ತಪ್ಪಾದದ್ದನ್ನು ಆಯ್ದುಕೊಳ್ಳುವುದು ತೀರಾ ಸಾಮಾನ್ಯವಾದ ತಪ್ಪು.

ಮುಂದೆ ಎಸ್‌ಎಸ್‌ಇ ಎಂಜಿನ್ ಫಿಕ್ಸಸ್. ಆಟದ ತಯಾರಕರು ಸರಿಪಡಿಸದೆ ಬಿಟ್ಟ ಎಂಜಿನ್ ದೋಷಗಳನ್ನು ಇದು ಸರಿಪಡಿಸುತ್ತದೆ, ನೆನಪಿನ ನಿರ್ವಹಣೆಯನ್ನೂ ಸುಧಾರಿಸುತ್ತದೆ. ಇದರ ಒಂದು ಭಾಗವನ್ನು ಮಾಡ್ ನಿರ್ವಾಹಕದ ಮೂಲಕ ಹಾಕಬೇಕು, ಇನ್ನೊಂದು ಭಾಗದ ಡಿಎಲ್‌ಎಲ್ ಫೈಲ್‌ಗಳನ್ನು ಎಕ್ಸಿ ಫೈಲ್ ಇರುವ ಆಟದ ಮೂಲ ಫೋಲ್ಡರಿಗೆ ಕೈಯಾರೆ ನಕಲಿಸಬೇಕು. ಎರಡನೆಯ ಭಾಗವನ್ನು ಮರೆತವರೇ ಹೆಚ್ಚು. ಇದರ ಜೊತೆಗೆ ಅನಧಿಕೃತ ಪ್ಯಾಚ್, ಅಂದರೆ ಆಟದ ಕತೆ ಮತ್ತು ವಸ್ತುಗಳಲ್ಲಿನ ಸಾವಿರಾರು ಸಣ್ಣ ದೋಷಗಳನ್ನು ತಿದ್ದುವ ಮಾಡ್, ಮತ್ತು ಆಟ ಮುಚ್ಚಿಹೋದಾಗ ಅದರ ವಿವರ ಬರೆದಿಡುವ ಒಂದು ಕ್ರ್ಯಾಶ್ ಲಾಗರ್ ಇರಲಿ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ವಿಷುವಲ್ ಸಿ++ ರನ್‌ಟೈಮ್‌ನ ಇತ್ತೀಚಿನ 64-ಬಿಟ್ ಪ್ರತಿಯೂ ಇರಬೇಕು. ಅದಿಲ್ಲದಿದ್ದರೆ ಡಿಎಲ್‌ಎಲ್ ಲೋಡ್ ಆಗಲಿಲ್ಲ ಎಂಬ ದೋಷಸಂದೇಶ ಬರುತ್ತದೆ.

ಇಷ್ಟನ್ನೇ ಹಾಕಿ ಆಟವನ್ನು ತೆರೆಯಿರಿ. ಮೆನುವಿನಲ್ಲಿ ಕನ್ಸೋಲ್ (ಆಟಕ್ಕೆ ಆದೇಶ ಬರೆಯುವ ಜಾಗ) ತೆರೆದು ಸಿಒಸಿ ಎಂದು ಬರೆದು, ಒಂದು ಖಾಲಿ ಜಾಗ ಬಿಟ್ಟು ರಿವರ್‌ವುಡ್ ಎಂದು ಬರೆದರೆ (ಎರಡನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ) ನೇರವಾಗಿ ಆ ಹಳ್ಳಿಗೆ ಹೋಗಬಹುದು. ಇದು ಪರೀಕ್ಷೆಗೆ ಮಾತ್ರ. ಹೀಗೆ ಆರಂಭಿಸಿದ ಆಟವನ್ನು ಮುಂದುವರಿಸಬೇಡಿ. ಹತ್ತು ನಿಮಿಷ ಓಡಾಡಿ, ತೊಂದರೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಮುಂದಿನ ಮಾಡ್‌ಗಳತ್ತ ಹೋಗಿ. ಮುಂದೆಯೂ ಐದೋ ಹತ್ತೋ ಮಾಡ್‌ಗಳನ್ನು ಹಾಕಿದಾಗಲೆಲ್ಲ ಇದೇ ಪರೀಕ್ಷೆಯನ್ನು ಮಾಡಿ. ಒಂದೇ ಸಂಜೆ ಇನ್ನೂರು ಮಾಡ್‌ಗಳನ್ನು ಹಾಕಿ ಆಮೇಲೆ ಆಟ ತೆರೆದರೆ, ತಪ್ಪು ಇನ್ನೂರರಲ್ಲಿ ಯಾವುದರದ್ದೆಂದು ಹುಡುಕಲು ಒಂದು ವಾರವೂ ಸಾಲದು.

ಹಂತ 4: ಪ್ಲಗಿನ್‌ಗಳ ಮಿತಿ ಮತ್ತು ಸಾಲು

ಪ್ಲಗಿನ್ ಎಂದರೆ ಆಟದ ದಾಖಲೆಗಳನ್ನು ಸೇರಿಸುವ ಅಥವಾ ಬದಲಿಸುವ ಫೈಲ್. ಅದರ ಹೆಸರು ಇಎಸ್‌ಎಂ, ಇಎಸ್‌ಪಿ ಅಥವಾ ಇಎಸ್‌ಎಲ್ ಎಂದು ಕೊನೆಯಾಗುತ್ತದೆ. ಪೂರ್ಣ ಪ್ಲಗಿನ್‌ಗಳು ಒಟ್ಟು 254 ಮಾತ್ರ ಇರಬಹುದು. ಅದರಲ್ಲಿ ಐದನ್ನು ಮೂಲ ಆಟ ಮತ್ತು ಅದರ ವಿಸ್ತರಣೆಗಳೇ ತೆಗೆದುಕೊಳ್ಳುತ್ತವೆ. ಹಗುರ ಪ್ಲಗಿನ್‌ಗಳು, ಅಂದರೆ ಇಎಸ್‌ಎಲ್ ಗುರುತಿರುವವು, ಎಲ್ಲವೂ ಸೇರಿ ಒಂದೇ ಸ್ಥಾನವನ್ನು ಹಂಚಿಕೊಳ್ಳುವುದರಿಂದ 4096ರವರೆಗೆ ಇರಬಹುದು. ಮಿತಿ ಮೀರುತ್ತಿದೆ ಎಂದಾದಾಗ ಸಣ್ಣ ಇಎಸ್‌ಪಿಗಳಿಗೆ ಎಸ್‌ಎಸ್‌ಇಎಡಿಟ್‌ನಲ್ಲಿ ಇಎಸ್‌ಎಲ್ ಗುರುತು ಹಾಕುವ ಪದ್ಧತಿಯಿದೆ. ಆದರೆ ಹಾಗೆ ಮಾಡುವಾಗ ದಾಖಲೆಗಳ ಸಂಖ್ಯೆಗಳನ್ನು ಬದಲಿಸಬೇಕಾಗಿ ಬಂದರೆ ಈಗಾಗಲೇ ಆಡುತ್ತಿರುವ ಸೇವ್ ಕೆಡುತ್ತದೆ, ಆ ಪ್ಲಗಿನ್ನನ್ನು ಅವಲಂಬಿಸಿದ ಇತರ ಪ್ಯಾಚ್‌ಗಳೂ ಕೆಡುತ್ತವೆ. ಇದನ್ನು ಹೊಸ ಆಟ ಶುರುಮಾಡುವ ಮುನ್ನ ಮಾತ್ರ ಮಾಡಿ.

ಇನ್ನೊಂದು ಎಚ್ಚರಿಕೆ. 2023ರ ಡಿಸೆಂಬರ್‌ನಲ್ಲಿ ಬಂದ 1.6.1130 ಆವೃತ್ತಿಯಲ್ಲಿ ಪ್ಲಗಿನ್ ಫೈಲಿನ ಸ್ವರೂಪವೇ ಸ್ವಲ್ಪ ಬದಲಾಯಿತು, ಅದಕ್ಕೆ 1.71 ಎಂಬ ಹೆಡರ್ ಸಂಖ್ಯೆ ಬಂತು. ಅದಕ್ಕಿಂತ ಹಳೆಯ ಆಟ ನಿಮ್ಮಲ್ಲಿದ್ದು ಹೊಸ ಸ್ವರೂಪದ ಪ್ಲಗಿನ್ ಹಾಕಿದರೆ ತೊಂದರೆಯಾಗುತ್ತದೆ. ಬ್ಯಾಕ್‌ಪೋರ್ಟೆಡ್ ಎಕ್ಸ್‌ಟೆಂಡೆಡ್ ಇಎಸ್‌ಎಲ್ ಸಪೋರ್ಟ್ ಎಂಬ ಚಿಕ್ಕ ಮಾಡ್ ಹಾಕಿದರೆ ಇದು ಪರಿಹಾರವಾಗುತ್ತದೆ.

ಪ್ಲಗಿನ್‌ಗಳು ಒಂದರ ಕೆಳಗೊಂದು ಲೋಡ್ ಆಗುವ ಕ್ರಮವೇ ಲೋಡ್ ಆರ್ಡರ್. ಒಂದೇ ದಾಖಲೆಯನ್ನು ಎರಡು ಪ್ಲಗಿನ್‌ಗಳು ಬದಲಿಸಿದರೆ ಕೆಳಗಿನದರ ಮಾತೇ ನಡೆಯುತ್ತದೆ. ಲೂಟ್ ಈ ಸಾಲನ್ನು ಬಹುಮಟ್ಟಿಗೆ ಸರಿಯಾಗಿ ಜೋಡಿಸುತ್ತದೆ. ಅದರ ಎಚ್ಚರಿಕೆಯ ಸಂದೇಶಗಳನ್ನು ಒಂದೊಂದಾಗಿ ಓದಿ. ಅದರಲ್ಲೂ ಮಾಸ್ಟರ್ ಇಲ್ಲ ಎಂಬ ಸಂದೇಶವನ್ನು ನಿರ್ಲಕ್ಷಿಸಲೇಬಾರದು. ಮಾಸ್ಟರ್ ಎಂದರೆ ಒಂದು ಪ್ಲಗಿನ್ ಆಧಾರವಾಗಿ ಇಟ್ಟುಕೊಂಡಿರುವ ಮತ್ತೊಂದು ಪ್ಲಗಿನ್. ಅದು ಇಲ್ಲದಿದ್ದರೆ ಆಟ ಮೆನುವಿನವರೆಗೂ ತಲುಪುವುದಿಲ್ಲ.

ಹಂತ 5: ಹಳೆಯ ಆಟದ ಮಾಡ್‌ಗಳನ್ನು ಪರೀಕ್ಷಿಸಿ, ಅಳಿಸಿದ ಉಲ್ಲೇಖಗಳನ್ನು ಸರಿಪಡಿಸಿ

2011ರ ಆಟಕ್ಕಾಗಿ ಮಾಡಿದ ಮಾಡ್‌ಗಳನ್ನು ಹಾಗೆಯೇ ತಂದು ಸ್ಪೆಷಲ್ ಎಡಿಷನ್‌ಗೆ ಹಾಕುವವರಿದ್ದಾರೆ. ಟೆಕ್ಸ್ಚರ್‌ಗಳು, ಅಂದರೆ ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳು, ಸಾಮಾನ್ಯವಾಗಿ ನಡೆಯುತ್ತವೆ. ಆದರೆ ಮೆಶ್‌ಗಳು, ಅಂದರೆ ವಸ್ತುಗಳ ಆಕಾರದ ಫೈಲ್‌ಗಳು, ಮತ್ತು ಚಲನೆಯ ಫೈಲ್‌ಗಳು ಬೇರೆ ಸ್ವರೂಪದವು. 32-ಬಿಟ್ ಚಲನೆಯ ಫೈಲ್ ಒಂದು ಸಾಕು, ಆ ಪಾತ್ರ ಕಣ್ಣಿಗೆ ಬಿದ್ದೊಡನೆ ಆಟ ಮುಚ್ಚಿಹೋಗಲು. ಕೆಥೀಡ್ರಲ್ ಅಸೆಟ್ಸ್ ಆಪ್ಟಿಮೈಸರ್ ಎಂಬ ಸಲಕರಣೆ ಇವನ್ನು ಹೊಸ ಸ್ವರೂಪಕ್ಕೆ ತರುತ್ತದೆ. ಆದರೆ ಪ್ಲಗಿನ್ ಫೈಲನ್ನು ಅದು ಬದಲಿಸುವುದಿಲ್ಲ. ಅದನ್ನು ಮಾಡ್ ತಯಾರಿಸುವ ಅಧಿಕೃತ ಸಲಕರಣೆಯಾದ ಕ್ರಿಯೇಷನ್ ಕಿಟ್‌ನಲ್ಲಿ ತೆರೆದು ಮತ್ತೆ ಸೇವ್ ಮಾಡಬೇಕು.

ಲೂಟ್ ಕೆಲವು ಪ್ಲಗಿನ್‌ಗಳಲ್ಲಿ ಅಳಿಸಿದ ಉಲ್ಲೇಖಗಳಿವೆ ಎಂದು ತಿಳಿಸುತ್ತದೆ. ಮಾಡ್ ತಯಾರಕ ಒಂದು ಮರವನ್ನೋ ಕುರ್ಚಿಯನ್ನೋ ಪೂರ್ತಿ ಅಳಿಸಿಹಾಕಿದ್ದು, ಇನ್ನೊಂದು ಮಾಡ್ ಅದೇ ವಸ್ತುವನ್ನು ಹುಡುಕಿಕೊಂಡು ಬಂದರೆ ಕ್ರ್ಯಾಶ್ ಆಗಬಹುದು. ಎಸ್‌ಎಸ್‌ಇಎಡಿಟ್‌ನ ಕ್ವಿಕ್ ಆಟೋ ಕ್ಲೀನ್ ಇಂಥ ವಸ್ತುಗಳನ್ನು ಅಳಿಸುವ ಬದಲು ನಿಷ್ಕ್ರಿಯಗೊಳಿಸಿ ಅಪಾಯವನ್ನು ತಪ್ಪಿಸುತ್ತದೆ. ಲೂಟ್ ಹೇಳಿದ ಪ್ಲಗಿನ್‌ಗಳಿಗೆ ಮಾತ್ರ ಇದನ್ನು ಬಳಸಿ. ಸಿಕ್ಕಿದ್ದನ್ನೆಲ್ಲ ಸ್ವಚ್ಛಗೊಳಿಸಲು ಹೋದರೆ ತಯಾರಕರು ಬೇಕೆಂದೇ ಇಟ್ಟಿದ್ದೂ ಹೋಗುತ್ತದೆ.

ಹಂತ 6: ಕ್ರ್ಯಾಶ್ ಲಾಗ್ ಓದಲು ಕಲಿಯಿರಿ

ಕ್ರ್ಯಾಶ್ ಲಾಗರ್ ಇದ್ದರೆ ಆಟ ಮುಚ್ಚಿಹೋದಾಗಲೆಲ್ಲ ಮೈ ಗೇಮ್ಸ್ ಒಳಗಿನ ಸ್ಕೈರಿಮ್ ಫೋಲ್ಡರಿನಲ್ಲಿರುವ ಎಸ್‌ಕೆಎಸ್‌ಇ ಫೋಲ್ಡರಿನಲ್ಲಿ ಒಂದು ಪಠ್ಯ ಫೈಲ್ ಸಿಗುತ್ತದೆ. ಅದು ಉದ್ದವಾಗಿರುತ್ತದೆ, ಆದರೆ ಮೂರು ಕಡೆ ನೋಡಿದರೆ ಸಾಕು. ಮೊದಲ ಸಾಲುಗಳಲ್ಲಿ ದೋಷ ಯಾವ ಫೈಲಿನೊಳಗೆ ಸಂಭವಿಸಿತು ಎಂದಿರುತ್ತದೆ. ಅಲ್ಲಿ ಆಟದ ಎಕ್ಸಿ ಬದಲು ಒಂದು ಮಾಡ್‌ನ ಡಿಎಲ್‌ಎಲ್ ಹೆಸರಿದ್ದರೆ ಮೊದಲ ಸಂಶಯ ಅದರ ಮೇಲೆ, ಅದರಲ್ಲೂ ಅದರ ಆವೃತ್ತಿಯ ಮೇಲೆ. ಅದರ ಕೆಳಗೆ ಕಾಲ್ ಸ್ಟ್ಯಾಕ್, ಅಂದರೆ ಕ್ರ್ಯಾಶ್‌ಗೆ ಮುನ್ನ ಯಾವ ಕೆಲಸ ಯಾವುದನ್ನು ಕರೆಯಿತು ಎಂಬ ಸರಣಿ ಇರುತ್ತದೆ. ಆನಂತರದ ಭಾಗದಲ್ಲಿ ಆಗ ಬಳಕೆಯಲ್ಲಿದ್ದ ಪಾತ್ರ, ಮೆಶ್ ಮತ್ತು ಪ್ಲಗಿನ್‌ಗಳ ಹೆಸರುಗಳಿರುತ್ತವೆ.

ಲಾಗಿನಲ್ಲಿ ಹೆಸರು ಬಂದ ಮಾತ್ರಕ್ಕೆ ಆ ಮಾಡ್ ಅಪರಾಧಿಯಲ್ಲ. ಮೂರು ನಾಲ್ಕು ಕ್ರ್ಯಾಶ್‌ಗಳ ಲಾಗ್‌ಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲದರಲ್ಲೂ ಮರಳಿ ಬರುವ ಹೆಸರು ಯಾವುದೆಂದು ನೋಡಿ. ಆ ಒಂದು ಮಾಡನ್ನು ನಿಲ್ಲಿಸಿ, ಹೊಸ ಆಟದಲ್ಲಿ ಅದೇ ಜಾಗಕ್ಕೆ ಹೋಗಿ ಪರೀಕ್ಷಿಸಿ. ಒಮ್ಮೆಗೆ ಒಂದೇ ಬದಲಾವಣೆ. ಎರಡನ್ನು ಬದಲಿಸಿ ಆಟ ಸರಿಹೋದರೆ ಸರಿಮಾಡಿದ್ದು ಯಾವುದೆಂದು ನಿಮಗೆ ತಿಳಿಯುವುದಿಲ್ಲ.

ಹಂತ 7: ವೇಗವನ್ನು ಅಳೆಯಿರಿ

ಆಟ ಸ್ಥಿರವಾದ ಮೇಲೆ ವೇಗದ ವಿಚಾರ. ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ಸಲಕರಣೆಯಿಂದ ಸೆಕೆಂಡಿಗೆ ಎಷ್ಟು ಫ್ರೇಮ್, ಗ್ರಾಫಿಕ್ಸ್ ಕಾರ್ಡ್ ಎಷ್ಟು ದುಡಿಯುತ್ತಿದೆ, ಅದರ ನೆನಪು ಎಷ್ಟು ತುಂಬಿದೆ ಎಂಬ ಮೂರನ್ನು ಪರದೆಯ ಮೇಲೆ ತೋರಿಸಿಕೊಳ್ಳಿ. ಒಂದೇ ಸೇವ್‌ನಿಂದ, ಒಂದೇ ಜಾಗದಲ್ಲಿ, ಒಂದೇ ದಿಕ್ಕಿಗೆ ಮುಖಮಾಡಿ ಅಳೆಯಿರಿ.

ಕಾರ್ಡ್‌ನ ನೆನಪು ಅಂಚಿನವರೆಗೆ ತುಂಬಿದ್ದು ಆಟ ಆಗಾಗ ತಡೆದು ಮುಂದುವರಿಯುತ್ತಿದ್ದರೆ ಸಮಸ್ಯೆ ಟೆಕ್ಸ್ಚರ್‌ಗಳದ್ದು. ಕಾರ್ಡ್ ನೂರಕ್ಕೆ ನೂರು ದುಡಿಯುತ್ತಿದ್ದರೆ ಹುಲ್ಲು, ಬೆಳಕಿನ ಪರಿಣಾಮಗಳು ಮತ್ತು ರೆಸಲ್ಯೂಶನ್ ಕಡೆ ನೋಡಿ. ಕಾರ್ಡ್‌ಗೆ ಬಿಡುವಿದ್ದೂ ಫ್ರೇಮ್‌ಗಳು ಕಡಿಮೆಯಿದ್ದರೆ ಪ್ರೊಸೆಸರ್ ಹಿಂದೆ ಬಿದ್ದಿದೆ: ಈ ಎಂಜಿನ್ ಪ್ರೊಸೆಸರಿನ ಕೆಲವೇ ಕೋರ್‌ಗಳ ಮೇಲೆ ಹೆಚ್ಚಿನ ಭಾರ ಹಾಕುವುದರಿಂದ ನೆರಳು, ವಸ್ತುಗಳ ಸಂಖ್ಯೆ ಮತ್ತು ಜನಸಂದಣಿ ತಗ್ಗಬೇಕು. ಲ್ಯಾಪ್‌ಟಾಪ್ ಬಳಸುವವರು ಇದೆಲ್ಲಕ್ಕೂ ಮೊದಲು ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಆಟದ ಎಕ್ಸಿಗೆ ಹೈ ಪರ್ಫಾರ್ಮೆನ್ಸ್ ಆಯ್ಕೆಯಿದೆಯೇ, ಚಾರ್ಜರ್ ಸಿಕ್ಕಿಸಿದೆಯೇ ಎಂದು ನೋಡಬೇಕು.

ಹಂತ 8: ಟೆಕ್ಸ್ಚರ್‌ಗಳ ಗಾತ್ರ

ಇಲ್ಲಿ ಸ್ವಲ್ಪ ಲೆಕ್ಕ ಹಾಕುವುದು ಉಪಯುಕ್ತ. 4ಕೆ ಟೆಕ್ಸ್ಚರ್ ಎಂದರೆ ಪ್ರತಿ ಬದಿಗೆ 4096 ಪಿಕ್ಸೆಲ್. ಬಿಸಿ7 ಎಂಬ ಸಂಕೋಚನದಲ್ಲಿ ಒಂದು ಪಿಕ್ಸೆಲ್‌ಗೆ ಒಂದು ಬೈಟ್, ಅಂದರೆ ಒಂದು ಫೈಲಿಗೆ 16 ಎಂಬಿ. ದೂರದಿಂದ ನೋಡುವಾಗ ಬಳಸುವ ಚಿಕ್ಕ ಪ್ರತಿಗಳೂ ಸೇರಿದರೆ ಸುಮಾರು 21 ಎಂಬಿ. ಒಂದು ಮೇಲ್ಮೈಗೆ ಬಣ್ಣದ ಫೈಲ್ ಒಂದು, ಉಬ್ಬುತಗ್ಗಿನ ಫೈಲ್ ಇನ್ನೊಂದು ಬೇಕಾಗುವುದರಿಂದ 42 ಎಂಬಿಗಿಂತ ಹೆಚ್ಚು. ಕಣ್ಣ ಮುಂದೆ ಐವತ್ತು ಬಗೆಯ ಮೇಲ್ಮೈಗಳಿದ್ದರೆ ಅಷ್ಟಕ್ಕೇ ಸುಮಾರು 2 ಜಿಬಿ ಆಯಿತು. ಇದೇ 2ಕೆ ಆಗಿದ್ದರೆ ಕಾಲು ಭಾಗ, ಸುಮಾರು ಅರ್ಧ ಜಿಬಿ. ಸಂಕೋಚನವೇ ಇಲ್ಲದ 4ಕೆ ಫೈಲ್ ಆದರೆ ನಾಲ್ಕು ಪಟ್ಟು.

ಕಾರ್ಡ್‌ನ ನೆನಪು 4 ಜಿಬಿ ಇದ್ದವರು ಪರ್ವತ ಮತ್ತು ನೆಲಕ್ಕೆ 2ಕೆ, ಬಟ್ಟಲು, ಪುಸ್ತಕ, ಬೊಕ್ಕಣದಂಥ ಸಣ್ಣ ವಸ್ತುಗಳಿಗೆ 1ಕೆ ಎಂದು ಇಟ್ಟುಕೊಂಡರೆ ಕಣ್ಣಿಗೆ ನಷ್ಟ ತೀರಾ ಕಡಿಮೆ. ಕೈಯಲ್ಲಿ ಹಿಡಿಯುವ ಚಮಚಕ್ಕೆ 4ಕೆ ಟೆಕ್ಸ್ಚರ್ ಹಾಕುವುದರಲ್ಲಿ ಅರ್ಥವಿಲ್ಲ. ಈಗಾಗಲೇ ದೊಡ್ಡದನ್ನು ಹಾಕಿದ್ದರೆ ಕೆಥೀಡ್ರಲ್ ಅಸೆಟ್ಸ್ ಆಪ್ಟಿಮೈಸರ್ ಅದನ್ನು ಕುಗ್ಗಿಸಿಕೊಡುತ್ತದೆ. ಮೂಲ ಫೈಲಿನ ಪ್ರತಿಯನ್ನು ಇಟ್ಟುಕೊಂಡೇ ಮಾಡಿ.

ಕಂಪ್ಯೂಟರಿನ ಮುಖ್ಯ ನೆನಪಿಗೆ ಸಂಬಂಧಿಸಿಯೂ ಒಂದು ಮಾತು. ವಿಂಡೋಸ್‌ನ ಪೇಜ್ ಫೈಲ್, ಅಂದರೆ ನೆನಪು ಸಾಲದಾದಾಗ ಡಿಸ್ಕಿನಲ್ಲಿ ಬಳಸುವ ಜಾಗ, ತೀರಾ ಚಿಕ್ಕದಾಗಿದ್ದರೆ ಅಥವಾ ಮುಚ್ಚಿಟ್ಟಿದ್ದರೆ ಭಾರಿ ಮಾಡ್‌ಗಳ ಆಟ ಯಾವ ಸೂಚನೆಯೂ ಇಲ್ಲದೆ ಮುಚ್ಚಿಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ಕನಿಷ್ಠ 20 ಜಿಬಿಯಷ್ಟು ಇಡುವುದು ವಾಡಿಕೆ.

ಹಂತ 9: ನೆರಳು, ಹುಲ್ಲು, ಬೆಳಕು

ನೆರಳಿನ ರೆಸಲ್ಯೂಶನ್ನನ್ನು 2048ಕ್ಕೋ 1024ಕ್ಕೋ ಇಳಿಸಿ, ನೆರಳು ಕಾಣುವ ದೂರವನ್ನು ಕಡಿಮೆ ಮಾಡಿ. ಎರಡನೆಯದು ಪ್ರೊಸೆಸರಿಗೂ ನೆರವಾಗುತ್ತದೆ. ಗಾಡ್‌ರೇಸ್, ಅಂದರೆ ಗಾಳಿಯಲ್ಲಿ ಕಾಣುವ ಬಿಸಿಲಕೋಲು, ಲೋ ಮಟ್ಟದಲ್ಲಿದ್ದರೆ ಸಾಕು. ಹುಲ್ಲಿನ ಸಾಂದ್ರತೆಯನ್ನು ನಿಯಂತ್ರಿಸುವ ಐಮಿನ್‌ಗ್ರಾಸ್‌ಸೈಜ್ ಎಂಬ ಅಂಶದ ಸಹಜ ಬೆಲೆ 20. ಇದು ಹೆಚ್ಚಾದಷ್ಟೂ ಹುಲ್ಲು ವಿರಳವಾಗುತ್ತದೆ, ಆಟ ಹಗುರವಾಗುತ್ತದೆ. 60ರ ಆಸುಪಾಸು ಪ್ರಯತ್ನಿಸಿ ನೋಡಿ. ಈ ಬದಲಾವಣೆಗಳನ್ನು ಬೆತ್‌ಐಎನ್‌ಐ ಮೂಲಕ ಮಾಡಿದರೆ ಅಕ್ಷರದೋಷಗಳು ತಪ್ಪುತ್ತವೆ.

ಇಎನ್‌ಬಿ ಎಂಬ ಬೆಳಕು-ಬಣ್ಣದ ಪೂರಕವು ಸುಂದರವಾದರೂ ಕಾರ್ಡ್‌ಗೆ ಬಹಳ ಭಾರ. ಮಧ್ಯಮ ದರ್ಜೆಯ ಕಾರ್ಡ್ ಇರುವವರಿಗೆ ಕಮ್ಯುನಿಟಿ ಶೇಡರ್ಸ್ ಎಂಬ ಇನ್ನೊಂದು ಬೆಳಕಿನ ಪೂರಕ ಮೇಲು ಎಂಬುದು ನನ್ನ ಅಭಿಪ್ರಾಯ. ಬೇಕಾದ ಅಂಶಗಳನ್ನಷ್ಟೇ ಆಯ್ದುಕೊಳ್ಳಬಹುದು.

ಯುಗ್ರಿಡ್ಸ್‌ಟುಲೋಡ್ ಎಂಬ ಅಂಶವನ್ನು ಮಾತ್ರ 5ರಿಂದ ಕದಲಿಸಬೇಡಿ. ದೂರದವರೆಗೆ ಸ್ಪಷ್ಟವಾಗಿ ಕಾಣಲೆಂದು ಇದನ್ನು 7 ಅಥವಾ 9 ಮಾಡಲು ಹೇಳುವ ಹಳೆಯ ಸಲಹೆಗಳಿವೆ. ಹಾಗೆ ಮಾಡಿದರೆ ದೂರದ ಪ್ರದೇಶಗಳೂ ಪೂರ್ತಿ ಜೀವಂತವಾಗಿ, ಅಲ್ಲಿನ ಘಟನೆಗಳು ನೀವು ತಲುಪುವ ಮೊದಲೇ ನಡೆದುಹೋಗುತ್ತವೆ. ಆ ಸ್ಥಿತಿಯಲ್ಲಿ ಸೇವ್ ಮಾಡಿದ ಆಟವನ್ನು ಮತ್ತೆ 5ಕ್ಕೆ ಇಳಿಸಿ ತೆರೆಯುವುದೂ ಕಷ್ಟ. ದೂರದ ನೋಟ ಚೆನ್ನಾಗಿರಬೇಕೆಂದರೆ ಡಿನ್‌ಡಿಒಎಲ್‌ಒಡಿ ಬಳಸಿ. ಅದು ದೂರದ ಮರ, ಕಟ್ಟಡಗಳಿಗೆ ಸರಳವಾದ ಪ್ರತಿರೂಪಗಳನ್ನು ತಯಾರಿಸುತ್ತದೆ. ಎಲ್ಲ ಮಾಡ್‌ಗಳೂ ಅಂತಿಮವಾದ ಮೇಲೆ ಕಟ್ಟಕಡೆಗೆ ಅದನ್ನು ಓಡಿಸಬೇಕು, ಮೊದಲ ಬಾರಿಗೆ ಲೋ ಮಟ್ಟದಲ್ಲೇ.

ಹಂತ 10: ಫ್ರೇಮ್‌ಗಳಿಗೆ ಮಿತಿ ಹಾಕಿ

ಈ ಆಟದಲ್ಲಿ ವಸ್ತುಗಳ ಚಲನೆಯ ಲೆಕ್ಕಾಚಾರ ಸೆಕೆಂಡಿಗೆ 60 ಫ್ರೇಮ್‌ಗಳಿಗೆ ಕಟ್ಟುಬಿದ್ದಿದೆ. 144 ಹರ್ಟ್ಸ್ ಪರದೆಯಲ್ಲಿ ಮಿತಿಯಿಲ್ಲದೆ ಓಡಿಸಿದರೆ ಮೇಜಿನ ಮೇಲಿನ ತಟ್ಟೆಗಳು ಹಾರುತ್ತವೆ, ಆರಂಭದ ದೃಶ್ಯದ ಬಂಡಿ ಮುಗ್ಗರಿಸಿ ಮಗುಚಿಕೊಳ್ಳುತ್ತದೆ. ಎಸ್‌ಎಸ್‌ಇ ಡಿಸ್‌ಪ್ಲೇ ಟ್ವೀಕ್ಸ್ ಎಂಬ ಮಾಡ್ ಈ ಲೆಕ್ಕವನ್ನು ಫ್ರೇಮ್ ವೇಗಕ್ಕೆ ತಕ್ಕಂತೆ ಹೊಂದಿಸುತ್ತದೆ, ಮಿತಿ ಹಾಕುವ ಸೌಲಭ್ಯವನ್ನೂ ಕೊಡುತ್ತದೆ. ನಿಮ್ಮ ಕಂಪ್ಯೂಟರ್ 45ರಿಂದ 60ರ ನಡುವೆ ಏರಿಳಿಯುತ್ತಿದ್ದರೆ 45ಕ್ಕೇ ಮಿತಿ ಹಾಕಿ ನೋಡಿ. ಏರಿಳಿಯುವ 60ಕ್ಕಿಂತ ಸಮನಾದ 45 ಕಣ್ಣಿಗೆ ಹಿತ.

ಹಂತ 11: ಸೇವ್ ಫೈಲ್‌ಗಳನ್ನು ಕಾಪಾಡಿಕೊಳ್ಳಿ

ಪಪೈರಸ್ ಎಂಬುದು ಈ ಆಟದ ಸ್ಕ್ರಿಪ್ಟ್ ಭಾಷೆ. ಸ್ಕ್ರಿಪ್ಟ್ ಇರುವ ಮಾಡ್‌ಗಳು ತಮ್ಮ ಸ್ಥಿತಿಯನ್ನು ಸೇವ್ ಫೈಲಿನೊಳಗೇ ಬರೆದಿಡುತ್ತವೆ. ಆದ್ದರಿಂದ ಆಡುತ್ತಿರುವ ಆಟದ ನಡುವೆ ಅಂಥ ಮಾಡನ್ನು ತೆಗೆದುಹಾಕಿದರೆ, ಮಾಡ್ ಹೋದರೂ ಅದರ ಸ್ಕ್ರಿಪ್ಟ್‌ಗಳ ಪಳೆಯುಳಿಕೆ ಸೇವ್‌ನಲ್ಲಿ ಉಳಿದು, ಇಪ್ಪತ್ತು ಮೂವತ್ತು ಗಂಟೆಗಳ ನಂತರ ಎಲ್ಲೋ ತೊಂದರೆ ಕೊಡಬಹುದು. ಕೇವಲ ಟೆಕ್ಸ್ಚರ್ ಅಥವಾ ಮೆಶ್ ಇರುವ ಮಾಡ್‌ಗಳನ್ನು ಯಾವಾಗ ಬೇಕಾದರೂ ತೆಗೆಯಬಹುದು, ಹಾಕಬಹುದು. ಸ್ಕ್ರಿಪ್ಟ್ ಇರುವವನ್ನಾಗಲಿ ಊರು, ಗುಹೆಗಳನ್ನು ಬದಲಿಸುವವನ್ನಾಗಲಿ ಹೊಸ ಆಟದ ಆರಂಭದಲ್ಲೇ ನಿರ್ಧರಿಸಿ.

ಆಟೋಸೇವ್ ಮತ್ತು ಕ್ವಿಕ್‌ಸೇವ್‌ಗಳು ಹಳೆಯದರ ಮೇಲೆಯೇ ಬರೆಯುತ್ತವೆ, ಹಾಗಾಗಿ ದೋಷ ನುಸುಳಿದ ಮೇಲೆ ಹಿಂದಿರುಗಲು ದಾರಿ ಇರುವುದಿಲ್ಲ. ಕೈಯಾರೆ ಹೊಸ ಹೊಸ ಸೇವ್‌ಗಳನ್ನು ಮಾಡಿ, ಕಾಳಗದ ನಡುವೆ ಮಾಡಬೇಡಿ, ಸ್ಕ್ರಿಪ್ಟ್‌ಗಳು ಶಾಂತವಾಗಿರುವ ಮನೆಯೊಳಗೋ ಛತ್ರದೊಳಗೋ ಮಾಡಿ. ಅನಿವಾರ್ಯವಾಗಿ ಒಂದು ಮಾಡನ್ನು ತೆಗೆಯಲೇಬೇಕಾಗಿ ಬಂದರೆ, ಮಾಡ್‌ನ ಪುಟದಲ್ಲಿ ತೆಗೆಯುವ ಕ್ರಮವೇನಾದರೂ ಹೇಳಿದ್ದಾರೆಯೇ ಎಂದು ಮೊದಲು ನೋಡಿ. ಮಾಡ್ ತೆಗೆದು ಒಂದು ಹೊಸ ಸೇವ್ ಮಾಡಿದ ನಂತರ ರೀಸೇವರ್ ಎಂಬ ಸಲಕರಣೆಯಲ್ಲಿ ಅದನ್ನು ತೆರೆದು ಅನಾಥ ಸ್ಕ್ರಿಪ್ಟ್‌ಗಳನ್ನು ಅಳಿಸಬಹುದು. ಇದು ಎಲ್ಲ ಸಂದರ್ಭದಲ್ಲೂ ಫಲಿಸುತ್ತದೆ ಎಂದು ನಂಬಬೇಡಿ. ಮಾಡ್ ಹಾಕುವ ಮುನ್ನಿನ ಸೇವ್ ನಿಮ್ಮಲ್ಲಿ ಇದ್ದರೆ, ಎರಡು ಗಂಟೆಯ ಆಟ ಹೋದರೂ ಸರಿ, ಅಲ್ಲಿಂದಲೇ ಮುಂದುವರಿಯಿರಿ.